ದಪ್ಪ ತಂತಿಯ ದನಿಗಾಗಿ

ಹೊಳೆನರಸೀಪುರದ ಒಂದು ಮದುವೆ ಚಪ್ಪರದಲ್ಲಿ, ಸಂಜೆಯ ಆರತಕ್ಷತೆಯ ವೇಳೆ, ಬಾಸ್ ಗಿಟಾರ್ ನುಡಿಸುತ್ತಿದ್ದ ಒಬ್ಬ ಕರೆಂಟು ಹೊಡೆದು ಸತ್ತ. ಅವನಿಗೆ ಆಗ ಇಪ್ಪತ್ತೈದು ತುಂಬಿರಲಿಲ್ಲ. ಆ ಸಾವಿನ ಹೊಣೆ ಚಪ್ಪರಕ್ಕೆ ಲೈಟು ಎಳೆದಿದ್ದ ಅರಕಲಗೂಡಿನ ಕಡೆಯ ಒಬ್ಬನ ತಲೆಗೆ ಬಂತು. ಅದು ಅವನದಾಗಿರಲಿಲ್ಲ, ನನ್ನದಾಗಿತ್ತು. ಇದನ್ನು ಬರೆಯಲು ಐವತ್ತು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡಿದ್ದೇನೆ. ಯಾರ ಹೆಸರನ್ನೂ ಬರೆಯುವುದಿಲ್ಲ. ಸತ್ತವನನ್ನು ನಾವು ಬಾಸಿನವನು ಎನ್ನುತ್ತಿದ್ದೆವು, ಇನ್ನೊಬ್ಬನನ್ನು ಲೈಟಿನವನು ಎನ್ನುತ್ತಿದ್ದರು. ಅದೇ ಸಾಕು.

ನಾನು ಶಾಂತಿಗ್ರಾಮದವನು. ಹೊಲ, ತೋಟ, ಹಾಲು ಕರೆಯುವ ಹಸು ಎಲ್ಲ ಇದ್ದ ಮನೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಬೇಸಾಯ ನನಗೆ ಒಗ್ಗಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಹಾಸನದ ಒಬ್ಬ ಹಿರಿಯ ರೇಡಿಯೋ ಮೆಕ್ಯಾನಿಕ್ಕಿನ ಬಳಿ ಸೇರಿ ಕೆಲಸ ಕಲಿತೆ. ಅವರು ತೀರಿಕೊಂಡ ಮೇಲೆ ಆ ಅಂಗಡಿಯನ್ನೇ ನಡೆಸಿದೆ. ಗುರುಗಳು ಹೆಚ್ಚು ಮಾತಾಡುವವರಲ್ಲ. ಆದರೆ ಒಂದು ಸಂಗತಿಯನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದರು. ಆಗಿನ ಕೆಲವು ರೇಡಿಯೋಗಳಿಗೆ ಟ್ರಾನ್ಸ್‌ಫಾರ್ಮರ್ ಇರುತ್ತಿರಲಿಲ್ಲ; ಗೋಡೆಯ ಕರೆಂಟು ನೇರವಾಗಿ ಒಳಗಿನ ಕಬ್ಬಿಣದ ತಟ್ಟೆಗೇ ಬರುತ್ತಿತ್ತು. ಅಂಥ ಸೆಟ್ಟಿನ ಕಬ್ಬಿಣ ಮನುಷ್ಯನ ಕೈಗೆ ಸಿಗಬಾರದು ಎಂದು ಹೇಳುತ್ತಿದ್ದರು. ಗುಂಡಿಯನ್ನು ಬಿಗಿಮಾಡುವ ಸಣ್ಣ ತಿರುಪಿನ ಮೇಲೂ ಮೇಣ ತುಂಬಿಸಿ ಮುಚ್ಚುವುದನ್ನು ನನಗೆ ಕಲಿಸಿದ್ದು ಅವರೇ. ನಾನು ಏನನ್ನೂ ತಿಳಿಯದೆ ಮಾಡಿದವನಲ್ಲ ಎಂಬುದು ಓದುವವರಿಗೆ ಮೊದಲೇ ಗೊತ್ತಿರಲಿ.

ಬಾಸಿನವನು ಚನ್ನರಾಯಪಟ್ಟಣದ ಹತ್ತಿರದ ದಂಡಿಗನಹಳ್ಳಿಯವನು. ನಮ್ಮ ಜನವೇ. ಚನ್ನರಾಯಪಟ್ಟಣದ ಒಂದು ಮಂಡಿಯಲ್ಲಿ ತೂಕ ಬರೆಯುವ ಕೆಲಸ ಮಾಡುತ್ತಿದ್ದ. ವಾರಕ್ಕೆರಡು ದಿನ ಬಸ್ಸು ಹತ್ತಿ ಹಾಸನಕ್ಕೆ ಬಂದು, ಮದುವೆಗಳಲ್ಲಿ ಹಾಡುವ ಐದಾರು ಜನರ ಗುಂಪಿನೊಡನೆ ಅಭ್ಯಾಸ ಮಾಡುತ್ತಿದ್ದ. ಮೊದಲು ಅವನು ನುಡಿಸುತ್ತಿದ್ದುದು ಢೋಲಕ್. ಒಂದು ದಿನ ಅಂಗಡಿಯಲ್ಲಿ ರೇಡಿಯೋದ ಸ್ಪೀಕರಿಗೆ ಕಿವಿಯೊಡ್ಡಿ ಕೂತವನು ನನ್ನನ್ನು ಕೇಳಿದ.

“ಅಣ್ಣ, ಹಾಡಿನ ಕೆಳಗೆ ಏನೋ ಒಂದು ನಡ್ಕೊಂಡು ಓಗ್ತದಲ್ಲ, ಗುಮ್ಮ ಗುಮ್ಮ ಅಂತ. ಅದೇನು?”

“ಬಾಸು. ದಪ್ಪ ತಂತಿ ವಾದ್ಯ.”

“ನಂಗೆ ಅದು ಬೇಕು ಕಣಣ್ಣ. ಮ್ಯಾಲಿಂದು ಯಾರಾನ ನುಡಿಸ್ಕಳ್ಳಿ.”

“ಅದು ಯಾರಿಗೂ ಕೇಳ್ಸಲ್ಲ ಕಣೋ.”

“ಕೇಳ್ಸಬಾರ್ದು. ನಿಂತೋದ್ರೆ ಗೊತ್ತಾಗ್ಬೇಕು, ಅಂಗೆ.”

ಅವನು ಹೇಗೋ ಹಟ ಹಿಡಿದು, ಬೆಂಗಳೂರಿನ ದಂಡಿನ ಕಡೆ ಹೋಟೆಲಲ್ಲಿ ನುಡಿಸುತ್ತಿದ್ದವನೊಬ್ಬನಿಂದ ಹಳೆಯ ಎಲೆಕ್ಟ್ರಿಕ್ ಬಾಸ್ ಗಿಟಾರನ್ನು ತಂದ. ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಸಿದ್ದ. ಬಿಚ್ಚಿದಾಗ ಅದರ ಕುತ್ತಿಗೆ ಬಿಲ್ಲಿನಂತೆ ಬಾಗಿತ್ತು. ತಂತಿಗಳು ಮರದಿಂದ ಬೆರಳು ಅಗಲ ಮೇಲಿದ್ದವು. ಒತ್ತಿದರೆ ಬೆರಳ ತುದಿ ಕತ್ತರಿಸುವಂತಿತ್ತು; ಒತ್ತಿದ ಮೇಲೆ ಬರುವ ಸ್ವರವೂ ಬೇರೆಯೇ. ಹಾಸನದಲ್ಲಿ ಆ ಮೊದಲು ಅಂಥದ್ದನ್ನು ನಾನು ಕೈಯಲ್ಲಿ ಹಿಡಿದಿರಲಿಲ್ಲ. ಆದರೆ ತಿರುಪು, ತಂತಿ, ಆಯಸ್ಕಾಂತ ಕಂಡರೆ ನನಗೆ ಬಿಡಲಾಗುತ್ತಿರಲಿಲ್ಲ. ಬಿಟ್ಟುಹೋಗು, ಸರಿಮಾಡುತ್ತೇನೆ ಎಂದೆ.

ಆ ಎರಡು ತಿಂಗಳು ನನ್ನ ಬದುಕಿನ ಒಳ್ಳೆಯ ದಿನಗಳು ಎಂದು ಈಗಲೂ ಅನ್ನಿಸುತ್ತದೆ. ಹಾಗೆ ಅನ್ನಿಸುವುದಕ್ಕೆ ನಾಚಿಕೆಯೂ ಆಗುತ್ತದೆ. ಕುತ್ತಿಗೆಯೊಳಗೆ ಉದ್ದಕ್ಕೂ ಒಂದು ಉಕ್ಕಿನ ಸರಳು ಇದೆಯೆಂದು, ತಲೆಯ ಬಳಿಯ ಸಣ್ಣ ಮುಚ್ಚಳ ತೆಗೆದಾಗ ತಿಳಿಯಿತು. ಅದನ್ನು ಬಿಗಿಮಾಡಿದರೆ ಕುತ್ತಿಗೆ ಹಿಂದಕ್ಕೆ ಬಾಗಿ ನೆಟ್ಟಗಾಗುತ್ತದೆ. ಒಮ್ಮೆಗೇ ತಿರುಗಿಸಿದರೆ ಮರ ಸೀಳುತ್ತದೆ. ದಿನಕ್ಕೆ ಕಾಲು ಸುತ್ತು ತಿರುಗಿಸಿ, ಮರ ಒಪ್ಪಿಕೊಳ್ಳಲೆಂದು ಮಾರನೆಯ ದಿನದವರೆಗೆ ಕಾಯುತ್ತಿದ್ದೆ. ದಪ್ಪ ತಂತಿಯನ್ನು ಕುತ್ತಿಗೆಯ ಅಡ್ಡಪಟ್ಟಿಗಳ ನಡುವಿನ ಮೊದಲ ಮನೆಯಲ್ಲೂ ಕಡೆಯ ಮನೆಯಲ್ಲೂ ಒತ್ತಿಹಿಡಿದು ನಡುವೆ ಒಂದು ಪೋಸ್ಟ್ ಕಾರ್ಡು ತೂರಿಸಿ ನೋಡುವುದು. ಕಾರ್ಡು ಸವರಿಕೊಂಡು ಹೋಗುವಷ್ಟು ಸಂದು ಇರಬೇಕು. ತೀರ ನೆಟ್ಟಗಾದರೆ ತಂತಿ ಪಟ್ಟಿಗೆ ತಗುಲಿ ಕಿರುಗುಟ್ಟುತ್ತದೆ.

ತಲೆಯ ಬಳಿ ತಂತಿ ಕೂರುವ ಮೂಳೆಯ ತುಂಡು ಸವೆದಿತ್ತು. ಎಮ್ಮೆಕೊಂಬನ್ನು ಅರದಿಂದ ಉಜ್ಜಿ ಹೊಸದು ಮಾಡಿದೆ. ಹಳೆಯ ತಂತಿಗಳಲ್ಲಿ ಬೆವರು, ಕೊಳೆ ಸೇರಿ ದನಿ ಸತ್ತುಹೋಗಿತ್ತು. ಹೊಸ ತಂತಿ ಹಾಸನದಲ್ಲಿ ಎಲ್ಲಿ ಸಿಗಬೇಕು? ಸ್ಟವ್ ಹಚ್ಚಿ ನೀರಿನಲ್ಲಿ ಕುದಿಸಿದೆ. ಅಷ್ಟರಲ್ಲಿ ಬಂದ ಬಾಸಿನವನು ಪಾತ್ರೆಯೊಳಗೆ ಇಣುಕಿದ.

“ಏನಣ್ಣ, ಶ್ಯಾವಿಗೆಯಾ?”

“ಹೂಂ. ತಟ್ಟೆ ತಗೊಂಡು ಕೂತ್ಕೊ.”

“ಬೆಲ್ಲ ತರ್ಲಾ?”

ಕುದಿಸಿ ಒರೆಸಿ ಮತ್ತೆ ಕಟ್ಟಿದಾಗ ತಂತಿಗಳು ಗಂಟಲು ತೊಳೆದುಕೊಂಡವರ ಹಾಗೆ ಮಾತಾಡಿದವು. ಆಮೇಲೆ ಕೆಳತುದಿಯಲ್ಲಿ ತಂತಿಗಳನ್ನು ಹೊರುವ ಲೋಹದ ಸೇತುವೆಯ ಕೆಲಸ. ತಂತಿಯ ಸರಿಯಾಗಿ ಅರ್ಧದಲ್ಲಿ ಬೆರಳನ್ನು ಸುಮ್ಮನೆ ಸೋಕಿಸಿ ಮೀಟಿದರೆ ಗಂಟೆಯಂಥ ಒಂದು ಸ್ವರ ಬರುತ್ತದೆ. ಅದೇ ಜಾಗದಲ್ಲಿ ಒತ್ತಿ ಮೀಟಿದರೂ ಅದೇ ಸ್ವರ ಬರಬೇಕು. ಒತ್ತಿದ್ದು ಏರಿದರೆ ಸೇತುವೆಯನ್ನು ಹಿಂದಕ್ಕೆ ಸರಿಸಬೇಕು, ಇಳಿದರೆ ಮುಂದಕ್ಕೆ. ಹಾರ್ಮೋನಿಯಮ್ಮಿನ ಮನೆಯೊಂದನ್ನು ಒತ್ತಿಹಿಡಿದು ಬಾಸಿನವನು ತಿದಿ ಒತ್ತುತ್ತಿದ್ದ. ನಾನು ತಿರುಪು ತಿರುಗಿಸುತ್ತಿದ್ದೆ. ನಾಲ್ಕು ತಂತಿಗೆ ನಾಲ್ಕು ಮಧ್ಯಾಹ್ನ ಹಿಡಿಯಿತು. ತಂತಿಯ ಕೆಳಗೆ ದನಿ ಹಿಡಿಯುವ ಆಯಸ್ಕಾಂತವಿದೆಯಲ್ಲ, ಅದನ್ನು ಹತ್ತಿರ ತಂದಷ್ಟೂ ದನಿ ಜೋರು. ಆದರೆ ತೀರ ಹತ್ತಿರವಾದರೆ ಆಯಸ್ಕಾಂತ ತಂತಿಯನ್ನು ಎಳೆದು ಸ್ವರ ತೂರಾಡುತ್ತದೆ. ದಪ್ಪ ತಂತಿಯ ಕಡೆ ತುಸು ತಗ್ಗಿಸಿ, ತೆಳು ತಂತಿಯ ಕಡೆ ಏರಿಸಿದೆ.

ಉಳಿದದ್ದು ದನಿಯನ್ನು ದೊಡ್ಡದು ಮಾಡುವ ಪೆಟ್ಟಿಗೆ. ಅದನ್ನು ನಾನೇ ಕಟ್ಟಿದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಒಂದು ಹಳೆಯ ದೊಡ್ಡ ಸೆಟ್ಟಿನ ಒಳಭಾಗವನ್ನು ತೆಗೆದು, ಹಲಸಿನ ಹಲಗೆಯ ಪೆಟ್ಟಿಗೆಯಲ್ಲಿ ಕೂರಿಸಿ, ದೊಡ್ಡ ಸ್ಪೀಕರು ಹಾಕಿದೆ. ಗುರುಗಳ ಮಾತು ನೆನಪಿತ್ತು. ಕರೆಂಟಿಗೂ ಸೆಟ್ಟಿಗೂ ನಡುವೆ ಬೇರೆಯೇ ಒಂದು ಟ್ರಾನ್ಸ್‌ಫಾರ್ಮರ್ ಇಟ್ಟೆ. ಗಿಟಾರಿನ ತಂತಿಯಲ್ಲಿ ಕೈಯಿಟ್ಟವನಿಗೆ ಗೋಡೆಯ ಕರೆಂಟು ಮುಟ್ಟದಿರಲಿ ಎಂದು ಅದು. ನನ್ನ ಬಳಿ ಇದ್ದುದು ಸಣ್ಣದು. ತೆಳು ತಂತಿಗಳಿಗೆ ಸಾಕಾಗುತ್ತಿತ್ತು. ದಪ್ಪ ತಂತಿ ಮೀಟಿದರೆ ಮಾತ್ರ ದನಿ ಉಸಿರು ಕಟ್ಟಿದಂತೆ ಕುಸಿಯುತ್ತಿತ್ತು. ಜೊತೆಗೆ ಅದರದೇ ಒಂದು ಗುಂಯ್ ಎನ್ನುವ ಸದ್ದು, ನೊಣ ಸಿಕ್ಕಿಬಿದ್ದ ಹಾಗೆ.

“ಇದಲ್ಲ ಅಣ್ಣ,” ಎಂದ ಬಾಸಿನವನು. “ರೇಡಿಯೋದಲ್ಲಿ ಇಂಗೆ ಉಸ್ರುಬಿಡಲ್ಲ.”

ದೊಡ್ಡ ಟ್ರಾನ್ಸ್‌ಫಾರ್ಮರಿಗೆ ಬೆಂಗಳೂರಿಗೆ ಬರೆದೆ. ಎರಡು ವಾರವಾಗುತ್ತದೆ ಎಂದು ಉತ್ತರ ಬಂತು. ಹೊಳೆನರಸೀಪುರದ ಮದುವೆಗೆ ಉಳಿದಿದ್ದು ನಾಲ್ಕು ದಿನ. ಬಾಸು ಮೊದಲ ಬಾರಿ ಜನರ ಮುಂದೆ ನುಡಿಯುವುದು ಅಲ್ಲೇ ಎಂದು ಗುಂಪಿನವರೆಲ್ಲ ಹೇಳಿಕೊಂಡು ತಿರುಗಿದ್ದರು. ನಾನೂ ಹೇಳಿಕೊಂಡಿದ್ದೆ.

ಟ್ರಾನ್ಸ್‌ಫಾರ್ಮರನ್ನು ತೆಗೆದುಬಿಟ್ಟೆ.

ತೆಗೆದು ದಪ್ಪ ತಂತಿ ಮೀಟಿದಾಗ ಅಂಗಡಿಯ ಗಾಜಿನ ಬೀರು ನಡುಗಿತು. ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು ಒಳಗೆ ನೋಡಿದ. ಬಾಸಿನವನು ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿಕೊಂಡಿದ್ದ. ಆದರೂ ತಂತಿಯಿಂದ ಕೈ ತೆಗೆದೊಡನೆ ಸ್ವಲ್ಪ ಗುಂಯ್‌ಗುಡುವುದು ಉಳಿದಿತ್ತು. ಸೇತುವೆಯಿಂದ ಒಂದು ಸಣ್ಣ ತಂತಿ ಎಳೆದು, ಪೆಟ್ಟಿಗೆಯ ತಟ್ಟೆಗೆ ಸೇರಿದ ಗಿಟಾರಿನೊಳಗಿನ ಕಬ್ಬಿಣಕ್ಕೆ ಬೆಸೆದೆ. ಆಗ ಅದೂ ಹೋಯಿತು. ದನಿ ತಿಳಿನೀರಿನಂತಾಯಿತು. ಬೇರೆ ಪೆಟ್ಟಿಗೆಯಾಗಿದ್ದರೆ ಆ ಬೆಸುಗೆ ಸರಿಯಾದದ್ದೇ. ಈ ಪೆಟ್ಟಿಗೆಯಲ್ಲಿ ಮಾತ್ರ ಅದರ ಅರ್ಥ, ಗೋಡೆಯ ಕರೆಂಟಿನ ಒಂದು ತಂತಿಯನ್ನು ನುಡಿಸುವವನ ಬೆರಳಿಗೆ ಕಟ್ಟಿದ ಹಾಗೆ.

ಅವನಿಗೇ ಮೊದಲು ಗೊತ್ತಾಯಿತು. “ಅಣ್ಣ, ತಂತಿ ಜುಂ ಅಂತದೆ ಕಣಣ್ಣ.”

ಟೆಸ್ಟರ್ ಇಟ್ಟು ನೋಡಿದೆ. ಉರಿಯಿತು. ಪ್ಲಗ್ಗನ್ನು ತಿರುಗಿಸಿ ಚುಚ್ಚಿದೆ, ಟೆಸ್ಟರ್ ಆರಿತು. ಆಗಿನ ಪ್ಲಗ್ಗಿಗೆ ಎರಡೇ ಕಾಲು, ಹೇಗೆ ಬೇಕಾದರೂ ಚುಚ್ಚಬಹುದು. ಒಂದು ಬಗೆಯಲ್ಲಿ ಸೆಟ್ಟಿನ ಕಬ್ಬಿಣಕ್ಕೆ ಕರೆಂಟಿಲ್ಲದ ತಂತಿ ಸೇರುತ್ತದೆ, ಇನ್ನೊಂದು ಬಗೆಯಲ್ಲಿ ಕರೆಂಟಿನ ತಂತಿ. ಒಂದು ಕಾಲಿನ ಪಕ್ಕಕ್ಕೆ ಕೆಂಪು ಬಣ್ಣ ಹಚ್ಚಿ ಅವನಿಗೆ ಹೇಳಿದೆ, “ಕೆಂಪು ಯಾವಾಗಲೂ ಬಲಕ್ಕಿರಲಿ. ಅಷ್ಟೇ.”

ನನ್ನ ಅಂಗಡಿಯ ಬೋರ್ಡಿನಲ್ಲಿ ಕರೆಂಟಿನ ತಂತಿ ಎಡಕ್ಕಿತ್ತು, ಅಲ್ಲಿ ಅದು ಸರಿ. ಬೇರೆ ಊರಿನ ಬೇರೆ ಬೋರ್ಡಿನಲ್ಲಿ ಬಲಕ್ಕೆ ಯಾವುದಿರುತ್ತದೆಂದು ಯಾರಿಗೆ ಗೊತ್ತು? ನನಗೆ ಅದು ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆದಿತ್ತು. ನಾನೇ ಜೊತೆಗೆ ಹೋಗುತ್ತೇನಲ್ಲ, ಅಲ್ಲಿ ನೋಡಿಕೊಂಡರಾಯಿತು ಎಂದುಕೊಂಡೆ.

ಮದುವೆಯ ದಿನ ಮಧ್ಯಾಹ್ನವೇ ಹೊಳೆನರಸೀಪುರ ತಲುಪಿದೆವು. ದೊಡ್ಡ ಮನೆತನದ ಮದುವೆ. ಬಯಲಿನಲ್ಲಿ ಚಪ್ಪರ, ಒಂದು ಕಡೆ ಮಣ್ಣು ಏರಿಸಿ ಕಟ್ಟಿದ ಜಗಲಿ. ಹೆಣ್ಣುಗಂಡು ಕೂರುವ ಕುರ್ಚಿಗಳಿಗೂ ಹಾಡುವವರಿಗೂ ಅದೇ ಜಾಗ. ಅಲ್ಲಿ ಲೈಟಿನವನು ತನ್ನ ಕೆಲಸದಲ್ಲಿದ್ದ. ನನಗಿಂತ ಐದಾರು ವರ್ಷ ದೊಡ್ಡವನು. ಅರಕಲಗೂಡಿನ ಹತ್ತಿರದ ಒಂದೂರಿನಲ್ಲಿ, ಊರಾಚೆಯ ಕೇರಿಯವನು. ಲೈಟು ಎಳೆಯುವುದು, ಮೈಕು ಕಟ್ಟುವುದನ್ನು ಎಲ್ಲೋ ಕಲಿತು, ತನ್ನದೇ ಮೈಕ್‌ಸೆಟ್ ಮಾಡಿಕೊಂಡು ಸುತ್ತಲಿನ ಮೂರು ತಾಲ್ಲೂಕಿನ ಮದುವೆಗಳಿಗೆ ಹೋಗುತ್ತಿದ್ದ. ಕಂಬ ಹತ್ತಲು, ಚಪ್ಪರದ ನೆತ್ತಿಯಲ್ಲಿ ಬಲ್ಬು ಕಟ್ಟಲು ಅವನು ಬೇಕಾಗಿತ್ತು. ಆರತಿಯಾಗುವ ಜಗಲಿಯ ಮೇಲೆ ಮಾತ್ರ ಅವನು ಕಾಲಿಡುವಂತಿರಲಿಲ್ಲ. ಮನೆಯ ಯಜಮಾನರು ಬೆಳಿಗ್ಗೆಯೇ ಹೇಳಿದ್ದರಂತೆ. ನನಗೆ ಅದು ವಿಶೇಷ ಅನ್ನಿಸಲಿಲ್ಲ. ನಮ್ಮ ಮನೆಯಲ್ಲೂ ಹಾಗೇ ನಡೆಯುತ್ತಿತ್ತು.

ಅವನು ಜಗಲಿಯ ಹಿಂದೆ ನೆಲದಲ್ಲಿ ಒಂದು ಕಬ್ಬಿಣದ ಗೂಟ ಹೊಡೆದು, ಸುತ್ತ ಇದ್ದಿಲು, ಉಪ್ಪು ಸುರಿದು, ಚೊಂಬಿನಲ್ಲಿ ನೀರು ಹುಯ್ಯುತ್ತಿದ್ದ. ಮೈಕಿನ ಕಬ್ಬಿಣಕ್ಕೆಲ್ಲ ಆ ಗೂಟದಿಂದ ಅರ್ಥಿಂಗಿನ ತಂತಿ.

“ಏನಣ್ಣ, ಮೈಕಿಗೂ ನೀರು ಕುಡುಸ್ತಿದ್ದೀಯಾ?” ಎಂದ ಬಾಸಿನವನು.

“ಕುಡ್ಸಬೇಕು ಕಣಪ್ಪ. ಇಲ್ದಿದ್ರೆ ಕಚ್ತದೆ.”

“ನಮ್ ಅಣ್ಣನ ಪೆಟ್ಗೆ ನೀರು ಕೇಳಲ್ಲ ನೋಡು.”

“ಒಳ್ಳೇ ಪೆಟ್ಗೆ ಬುಡು,” ಎಂದು ಲೈಟಿನವನು ನಕ್ಕ. ಆಮೇಲೆ ಮರದ ಬೋರ್ಡೊಂದನ್ನು ಜಗಲಿಯ ಅಂಚಿನ ಮೇಲೆ ಕೈಚಾಚಿ ಇಟ್ಟು, ಕೆಳಗೇ ನಿಂತ. ನಾನು ಮೇಲಿದ್ದೆ. ಪ್ಲಗ್ ಹಿಡಿದು, ಕೆಂಪನ್ನು ಬಲಕ್ಕೆ ಮಾಡಿ ಚುಚ್ಚಲು ಬಗ್ಗಿದೆ.

“ಸಾ, ಈ ಬೋರ್ಡಲ್ಲಿ ಫೇಸು ಬಲಗಡೆ ಬಂದೈತೆ. ಟೆಸ್ಟರ್ ಇಟ್ ನೋಡ್ಕಳಿ ಸಾ.”

ಫೇಸು ಎಂದರೆ ಕರೆಂಟಿನ ತಂತಿ. ಟೆಸ್ಟರ್ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಹಾಡುವವರು ಕೇಳಿಸಿಕೊಂಡರು. ಯಜಮಾನರ ಭಾವಮೈದುನ ಅಲ್ಲೇ ನಿಂತಿದ್ದರು. ಅವರೆಲ್ಲರ ಮುಂದೆ ಕೇರಿಯವನೊಬ್ಬ ನನಗೆ ನನ್ನ ಕೆಲಸ ಕಲಿಸುತ್ತಿದ್ದಾನೆ ಎಂಬುದು ನನ್ನ ಕಿವಿಯಲ್ಲಿ ಬಿಸಿಯಾಗಿ ಕೂತಿತು.

“ನೀನು ಬಲ್ಬು ಕಟ್ಟೋದು ನೋಡ್ಕೊಳಯ್ಯ,” ಎಂದೆ. ಕೆಂಪು ಬಲಕ್ಕೇ ಇತ್ತು. ಚುಚ್ಚಿದೆ.

ಅವನು ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಹೋದ.

ದನಿ ತಿಳಿಯಾಗಿ ಬಂತು. ಗುಂಯ್ ಎನ್ನಲಿಲ್ಲ. ಸದ್ದಿಲ್ಲದಿದ್ದರೆ ಎಲ್ಲ ಸರಿಯಾಗಿದೆ ಎಂದುಕೊಂಡೆ. ಸಂಜೆ ಹಾಡು ಶುರುವಾಯಿತು. ಬಾಸಿನವನು ದಪ್ಪ ಜಮಖಾನದ ಮೇಲೆ, ಕಾಲಿಗೆ ಬೂಟು ಹಾಕಿಕೊಂಡು ನಿಂತಿದ್ದ. ಅದರಿಂದ ಮೊದಲು ಏನೂ ಆಗಲಿಲ್ಲ. ಮೂರನೆಯ ಹಾಡಿನ ಹೊತ್ತಿಗೆ ನನ್ನ ಕಡೆ ನೋಡಿ ಎಡಗೈ ಬೆರಳುಗಳನ್ನು ಒದರಿ ನಕ್ಕ. ಮತ್ತೆ ಜುಂ ಎನ್ನುತ್ತಿದೆ ಎಂದು ಅದರ ಅರ್ಥ. ನನಗೆ ಅರ್ಥವಾಯಿತು. ಹಾಡು ಮುಗಿಯಲಿ, ತಿರುಗಿಸಿ ಚುಚ್ಚುತ್ತೇನೆ ಎಂದುಕೊಂಡೆ. ನಡುವೆ ನಿಲ್ಲಿಸಿದರೆ ಜನ ಏನೆಂದಾರು ಎನಿಸಿತು. ಚಪ್ಪರದ ಹೆಂಗಸರು, ಗಂಡಸರು, ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ಮುದುಕರು ಕೂಡ ಎಲ್ಲಿಂದ ಬರುತ್ತಿದೆ ಈ ದನಿ ಎಂದು ಕತ್ತೆತ್ತಿ ನೋಡುತ್ತಿದ್ದರು. ಅದನ್ನು ಕೇಳುತ್ತ ನಾನು ಕೂತೆ.

ಹಾಡು ಮುಗಿಯಿತು. ನಾನು ಎದ್ದೆ. ಅಷ್ಟರಲ್ಲಿ ಹಾಡುವವನು ನೀರು ಕುಡಿಯಲು ಪಕ್ಕಕ್ಕೆ ಹೋದ, ಮೈಕು ಓರೆಯಾಗಿತ್ತು. ಬಾಸಿನವನು ಎಡಗೈಯಲ್ಲಿ ತಂತಿಗಳನ್ನು ಹಿಡಿದಂತೆಯೇ ಎರಡು ಹೆಜ್ಜೆ ಮುಂದಿಟ್ಟು, ಬಲಗೈಯಿಂದ ಮೈಕಿನ ಕಂಬ ಹಿಡಿದು ನೆಟ್ಟಗೆ ಮಾಡಲು ಹೋದ.

ಕೂಗಲಿಲ್ಲ. ಸ್ಪೀಕರಿನಿಂದ ಒಂದು ದೊಡ್ಡ ಗುಡುಗು ಬಂತು. ಮೈಕಿನ ಕಂಬವನ್ನು ಎದೆಗೆ ಎಳೆದುಕೊಂಡು ಬಿದ್ದ. ಎರಡು ಕೈಯೂ ಬಿಡಲಿಲ್ಲ. ಯಾರೋ ಮುಟ್ಟಲು ಹೋಗಿ ಹಿಂದಕ್ಕೆ ಬಿದ್ದರು. ಮೇನ್ ತೆಗೆದವನು ಲೈಟಿನವನು. ಕತ್ತಲೆಯಾಗಿದ್ದ ಜಗಲಿಯ ಮೇಲೆ ಓಡಿ ಹತ್ತಿ, ಬಾಸಿನವನ ಬೆರಳು ಬಿಡಿಸಿ, ಎದೆಯ ಮೇಲೆ ಮಂಡಿಯೂರಿ ಒತ್ತಿದವನೂ ಅವನೇ. ನಾನು ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದೆ.

ಬಾಸಿನವನು ಉಳಿಯಲಿಲ್ಲ.

ಗಿಟಾರಿನ ತಂತಿಯಲ್ಲಿದ್ದ ಕರೆಂಟು ಅವನ ಎದೆಯ ಮೂಲಕ ಹಾದು ಮೈಕಿನ ಕಂಬದಿಂದ ನೆಲದ ಗೂಟಕ್ಕೆ ಇಳಿದಿತ್ತು. ಜನ ಕಂಡದ್ದು ಇಷ್ಟು: ಮೈಕು ಮುಟ್ಟಿದ, ಸತ್ತ. ಮೈಕು ಯಾರದು? ಲೈಟಿನವನದು. ಪೆಟ್ರೊಮ್ಯಾಕ್ಸ್ ಹೊತ್ತಿಸುವುದರೊಳಗೆ ಅವನಿಗೆ ಏಟು ಬಿದ್ದಿದ್ದವು. ಜಗಲಿ ಹತ್ತಿದ್ದಕ್ಕೂ ಸೇರಿಸಿ ಹೊಡೆದರು. ಅವನ ಮೈಕ್‌ಸೆಟ್ಟನ್ನು ಎತ್ತಿ ನೆಲಕ್ಕೆ ಹಾಕಿದರು. ಪೋಲೀಸಿನವರು ಬಂದರು. ದಫೇದಾರರಿಗೆ ಕರೆಂಟಿನ ವಿಷಯ ಗೊತ್ತಿರಲಿಲ್ಲ. ಯಜಮಾನರ ಭಾವಮೈದುನ ನನ್ನನ್ನು ತೋರಿಸಿ, “ಇವರು ಓದಿದವರು, ಹಾಸನದಲ್ಲಿ ರೇಡಿಯೋ ಅಂಗಡಿ ಇಟ್ಟವರೆ, ಶಾಂತಿಗ್ರಾಮದ ನಮ್ಮವರು,” ಎಂದರು.

“ಏನಾಯ್ತು ಹೇಳಿ ಸ್ವಾಮಿ,” ಎಂದರು ದಫೇದಾರರು.

ಅಲ್ಲಿ ನಿಂತ ನಲವತ್ತು ಐವತ್ತು ಜನರಲ್ಲಿ ನಿಜ ಗೊತ್ತಿದ್ದುದು ಇಬ್ಬರಿಗೆ. ನಾನು ಹೇಳಿದೆ: “ಬೋರ್ಡಲ್ಲಿ ಫೇಸು ಉಲ್ಟಾ ಕೊಟ್ಟಿದ್ದ.”

ಎರಡು ಕಾಲಿನ ಬೋರ್ಡಿಗೆ ಉಲ್ಟಾ ಎಂಬುದೇ ಇಲ್ಲ. ಫೇಸು ಎಡಕ್ಕಿರಬಹುದು, ಬಲಕ್ಕಿರಬಹುದು, ಯಾವುದೂ ತಪ್ಪಲ್ಲ. ಕರೆಂಟಿನ ಕೆಲಸ ಬಲ್ಲ ಯಾರಾದರೂ ಇದ್ದಿದ್ದರೆ ನಕ್ಕುಬಿಡುತ್ತಿದ್ದರು. ಬಲ್ಲವನು ಒಬ್ಬನಿದ್ದ. ಅವನ ತುಟಿ ಒಡೆದು ರಕ್ತ ಬರುತ್ತಿತ್ತು.

“ನಾನು ಯೋಳ್ದೆ ಅಲ್ವಾ ಸಾ,” ಎಂದ. “ಟೆಸ್ಟರ್ ಇಡಿ ಅಂದೆ ಅಲ್ವಾ.”

“ನಂಗೇನೂ ಕೇಳಿಸ್ಲಿಲ್ಲ,” ಎಂದೆ.

ಹಾಡುವವರೂ ಕೇಳಿಸಿಕೊಂಡಿದ್ದರು. ಯಾರೂ ಬಾಯಿ ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ಅಂಗಡಿಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡು ಪೆಟ್ಟಿಗೆ ಬಿಚ್ಚಿದೆ. ತೆಗೆದಿಟ್ಟಿದ್ದ ಸಣ್ಣ ಟ್ರಾನ್ಸ್‌ಫಾರ್ಮರನ್ನು ಮತ್ತೆ ಕೂರಿಸಿ ಬೆಸೆದೆ. ಬೆಸುಗೆ ಹೊಸದಾಗಿ ಹೊಳೆಯುತ್ತಿತ್ತು; ಮಸಿ ಬಳಿದು ಹಳೆಯದು ಮಾಡಿದೆ. ಪ್ಲಗ್ಗಿನ ಕೆಂಪು ಬಣ್ಣವನ್ನು ಕೆರೆದೆ. ಯಾರಾದರೂ ಬಂದು ನೋಡಿದರೆ ಎಂದು. ಯಾರೂ ಬರಲಿಲ್ಲ.

ಲೈಟಿನವನನ್ನು ಕೆಲವು ದಿನ ಠಾಣೆಯಲ್ಲಿಟ್ಟುಕೊಂಡು ಬಿಟ್ಟರು. ಕೇಸು ಬೆಳೆಯಲಿಲ್ಲ. ಆದರೆ ಹೊಳೆನರಸೀಪುರದಲ್ಲಾಗಲಿ ಅರಕಲಗೂಡಿನಲ್ಲಾಗಲಿ ಯಾರೂ ಅವನನ್ನು ಚಪ್ಪರಕ್ಕೆ ಕರೆಯಲಿಲ್ಲ. ಕೂಲಿಗೆ ಹೋಗುತ್ತಿದ್ದಾನೆ ಎಂದು ಕೇಳಿದೆ.

ಏಳೆಂಟು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವನು ಹಾಸನದ ನನ್ನ ಅಂಗಡಿಗೆ ಬಂದ. ಮೆಟ್ಟಿಲ ಕೆಳಗೆ ನಿಂತ. ಒಳಗೆ ಬಾ ಎಂದೆ, ಬರಲಿಲ್ಲ. ಹೊಡೆಯುತ್ತಾನೆಂದು, ಇಲ್ಲವೆ ರಸ್ತೆಯಲ್ಲಿ ಕೂಗಾಡುತ್ತಾನೆಂದು ನಾನು ಎಣಿಸಿದ್ದೆ. ಅವನು ತಗ್ಗಿದ ದನಿಯಲ್ಲೇ ಮಾತಾಡಿದ.

“ಪೋಲೀಸ್ನೋರ್ಗೆ ಯೋಳ್ಬ್ಯಾಡಿ ಸಾ. ಊರೋರ್ಗೂ ಯೋಳ್ಬ್ಯಾಡಿ. ಕೆಲ್ಸ ಓದ್ರೆ ಓಗ್ಲಿ, ಕೂಲಿ ಮಾಡ್ಕತೀನಿ. ಆ ಹುಡ್ಗನ ಅವ್ವಂಗೆ ಒಂದು ಮಾತು ಯೋಳಿ.”

ಬಾಸಿನವನ ತಾಯಿ ದಂಡಿಗನಹಳ್ಳಿಯಿಂದ ಮೂರು ಸಲ ಲೈಟಿನವನ ಮನೆಯ ಮುಂದೆ ಬಂದಿದ್ದಳಂತೆ. ಅಷ್ಟು ದೂರ ಎರಡು ಬಸ್ಸು ಬದಲಿಸಿ ಬಂದು, ಬಾಗಿಲ ಮುಂದೆ ನಿಂತು, ಹಿಡಿಮಣ್ಣು ತೆಗೆದು ಮನೆಯ ಮೇಲೆ ತೂರಿ ಶಾಪ ಹಾಕಿ ಹೋಗುತ್ತಿದ್ದಳು. ನಮ್ಮ ಕಡೆ ಮಣ್ಣು ತೂರಿ ಕೊಟ್ಟ ಶಾಪಕ್ಕೆ ಹೆದರದವರಿಲ್ಲ; ಕೊಟ್ಟವರೇ ಹಿಂದಕ್ಕೆ ತಗೊಳ್ಳಬೇಕು, ಬೇರೆ ದಾರಿಯಿಲ್ಲ ಎಂದು ನಂಬುತ್ತಾರೆ. ಅವನಿಗೆ ಒಂದು ವರ್ಷದ ಹೆಣ್ಣುಕೂಸಿತ್ತು. ಮೂರನೆಯ ಸಲ ಅವಳು ಬಂದು ಹೋದಾಗಿನಿಂದ ಕೂಸಿಗೆ ಜ್ವರ.

“ನಾನು ನಂಬಲ್ಲ ಸಾ, ಅದ್ನೆಲ್ಲ. ನನ್ ಹೆಂಡ್ರು ನಂಬವ್ಳೆ. ಔಸ್ದಿ ಕುಡ್ಸಿದ್ರೆ ಉಗಿಸ್ತಾಳೆ. ಶಾಪ ಇಳೀದೆ ಔಸ್ದಿ ಇಡಿಯಲ್ಲ ಅಂತಾಳೆ. ಆ ಅವ್ವ ಒಂದ್ ಕಿತ ಬಾಯಿಬಿಟ್ಟು, ಬಿಟ್ಟೆ ಅಂದ್ರೆ ಸಾಕು. ಕೂಸು ಔಸ್ದಿ ಕುಡೀತದೆ.”

“ಹೇಳ್ತೀನಿ,” ಎಂದೆ. “ನಾಳೇನೇ ಹೋಗ್ತೀನಿ.”

“ಚನ್ರಾಯ್‌ಪಟ್ಣದ ಬಸ್ ಸ್ಟ್ಯಾಂಡಲ್ಲಿ ಕಾಯ್ತಿರ್ತೀನಿ ಸಾ,” ಎಂದು ಹೋದ.

ಮಾರನೆಯ ದಿನ ಹೋದೆ. ನಿಜವಾಗಿ ಹೇಳಲೆಂದೇ ಹೋದೆ. ಶಾಂತಿಗ್ರಾಮ ದಾಟುವಾಗ ನಮ್ಮ ಮನೆಯ ಕಡೆ ತಿರುಗಿ ನೋಡಲಿಲ್ಲ. ದಾರಿಯುದ್ದಕ್ಕೂ ಮೊದಲ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡೆ. ಅದು ಬಾಸಿನವನ ಅಣ್ಣನ ಮನೆ. ಅಣ್ಣ ಹೊಲಕ್ಕೆ ಹೋಗಿದ್ದ. ಅತ್ತಿಗೆ ಕಾಲಿಗೆ ನೀರು ಕೊಟ್ಟಳು. ತಾಯಿ ನನ್ನ ಕೈ ಹಿಡಿದು ಒಳಗೆ ಕೂರಿಸಿದಳು. ಮಗ ಯಾವಾಗಲೂ ನನ್ನ ಮಾತೇ ಆಡುತ್ತಿದ್ದನಂತೆ.

ಗಿಟಾರು ನಡುಮನೆಯ ಗೂಟದಲ್ಲಿ ತೂಗುತ್ತಿತ್ತು, ಹಳೆಯ ಸೀರೆಯಲ್ಲಿ ಸುತ್ತಿ.

“ಅದ್ರ ಕಿವಿ ದಿನಾ ತಿರುಗಿಸ್ತಿದ್ದ ಕಣಪ್ಪ ಅವ್ನು,” ಎಂದಳು. “ಇವಾಗ ಜೋತ್ಬಿದ್ದದೆ. ಬಂದಿದ್ದೀಯಲ್ಲ, ಒಂದ್ಸಲ ತಿರುಗ್ಸು.”

ಇಳಿಸಿಕೊಂಡೆ. ಎಂಟು ತಿಂಗಳು ತೂಗಿ ಕುತ್ತಿಗೆ ಮತ್ತೆ ಬಾಗಿತ್ತು. ಮನೆಯಲ್ಲಿದ್ದ ಮೊಳೆಯೊಂದನ್ನು ಬಗ್ಗಿಸಿ ಸರಳಿಗೆ ಕಾಲು ಸುತ್ತು ಕೊಟ್ಟೆ. ತಂತಿಗಳನ್ನು ಒಂದೊಂದಾಗಿ ಎಳೆದು ಸ್ವರಕ್ಕೆ ತಂದೆ. ಪೆಟ್ಟಿಗೆಯಿಲ್ಲದೆ ಅದಕ್ಕೆ ದನಿಯೇ ಇರಲಿಲ್ಲ. ಮುದುಕಿ ಬಗ್ಗಿ ಅದರ ಮರಕ್ಕೆ ಕಿವಿಯಿಟ್ಟಳು. ದಪ್ಪ ತಂತಿ ಮೀಟಿದೆ.

“ಐತೆ,” ಎಂದಳು. “ಒಳಗೈತೆ.”

ಅವಳ ಕಿವಿ ಆ ಮರದ ಮೇಲಿತ್ತು. ಅವಳ ಮುಖ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ. ಹೇಳಬೇಕಾದ ಹೊತ್ತು ಅದು. ಬಾಯಿ ತೆರೆದೆ. ಅತ್ತಿಗೆ, ಊಟಕ್ಕೆ ಏಳಿ ಎಂದಳು. ಎದ್ದೆ. ಮುದ್ದೆ, ಅವರೆಕಾಳಿನ ಸಾರು. ಮುದುಕಿಯೇ ಎದುರಿಗೆ ಕೂತು ಬಡಿಸಿದಳು, ಮಗನಿಗೆ ಬಡಿಸಿದ ಹಾಗೆ. ಬಡಿಸುತ್ತ ಹೇಳಿದಳು:

“ಆ ಲೈಟಿನವ್ನ ಮನೆ ಹಾಳಾಗ್ಲಿ ಕಣಪ್ಪ. ನನ್ ಕರುಳು ಉರ್ದಂಗೆ ಅವ್ನ ಕರುಳೂ ಉರೀಲಿ. ಅವ್ನೇ ಅಲ್ವಾ ಮಾಡಿದ್ದು? ನೀನು ಬಲ್ಲೋನು, ನೀನೇ ಯೋಳು.”

ಕೈಯಲ್ಲಿ ಅವಳ ಮನೆಯ ಮುದ್ದೆ ಇತ್ತು.

“ಹೂಂ,” ಎಂದೆ.

ಹಿಂದಿರುಗಿ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಬಿಸಿಲಿನ್ನೂ ಇತ್ತು. ಅವನು ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದ. ಜೊತೆಗೆ ಹೆಂಡತಿ, ಅವಳ ಮಡಿಲಲ್ಲಿ ಬಟ್ಟೆಯಲ್ಲಿ ಸುತ್ತಿದ ಕೂಸು. ಅವಳು ಎದ್ದು ನಿಂತಳು. ಅವನು ನನ್ನ ಮುಖವನ್ನೇ ನೋಡಿದ.

“ಯೋಳಿದ್ರಾ ಸಾ?”

ಅವನ ಹೆಂಡತಿಯೂ ನೋಡುತ್ತಿದ್ದಳು. ಹೇಳಲಿಲ್ಲ ಎಂದರೆ ಅವನು ಅಲ್ಲೇ ನನ್ನನ್ನು ಇನ್ನೊಂದು ಬಸ್ಸಿಗೆ ಹತ್ತಿಸಿ ವಾಪಸ್ಸು ಕರೆದೊಯ್ಯುತ್ತಾನೆ ಅನ್ನಿಸಿತು.

“ಹೇಳಿದೆ,” ಎಂದೆ.

ಆ ಹೆಂಗಸು ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಹಿಂದೆ ಸರಿದೆ. ಹಾಸನದ ಬಸ್ಸು ಹೊರಡುವುದರಲ್ಲಿತ್ತು, ಹತ್ತಿಕೊಂಡೆ.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಒಂದು ವಾರದ ಮೇಲೆ ಬಾಸಿನವನ ಅಣ್ಣ ಹಾಸನಕ್ಕೆ ಬಂದಾಗ, ಅಂಗಡಿಯಲ್ಲಿ ಕೂತು, ಲೈಟಿನವನ ಸೊಕ್ಕು ನೋಡಿ ಎಂದು ತಾನಾಗಿ ಹೇಳಿದ. ನಾನು ಬಂದು ಹೋದ ದಿನವೇ, ಇನ್ನೂ ಹೊತ್ತು ಮುಳುಗುವ ಮೊದಲು, ಅವನು ಹೆಂಡತಿ ಕೂಸನ್ನು ಕಟ್ಟಿಕೊಂಡು ದಂಡಿಗನಹಳ್ಳಿಗೆ ಬಂದನಂತೆ. ಅವರ ಬಾಗಿಲ ಮುಂದೆ, ಬೀದಿಯಲ್ಲಿ, ಹೆಂಡತಿ ಕೂಸನ್ನು ಎರಡು ಕೈಯಲ್ಲಿ ಮುಂದಕ್ಕೆ ಹಿಡಿದು, “ಅವ್ವಾ, ಬಿಟ್ಟೆ ಅನ್ನಿ ಅವ್ವಾ,” ಎಂದಳಂತೆ. ಮುದುಕಿ ಹೊರಗೆ ಬಂದು ನೋಡಿದಳು. ಬಗ್ಗಿ ಹಿಡಿಮಣ್ಣು ತೆಗೆದುಕೊಂಡಳು. ಈ ಸಲ ಮನೆಯ ಮೇಲಲ್ಲ, ಕೂಸಿನ ಮೇಲೆ ತೂರಿದಳು.

“ಅವ್ನು ಏನಂದ?” ಎಂದು ಕೇಳಿದೆ.

“ಕೂಸಿನ ಕಣ್ಣಾಗೆ ಬಿದ್ದ ಮಣ್ಣ ಊದ್ತಾ ನಿಂತಿದ್ದ. ನಾವೇ ಓಡಿಸ್ದೊ.”

ಅಣ್ಣ ಹೋದ ಮೇಲೂ ನಾನು ಅಂಗಡಿ ತೆರೆದೇ ಇಟ್ಟುಕೊಂಡಿದ್ದೆ. ಅರಕಲಗೂಡಿನ ಬಸ್ಸು ದಿನಕ್ಕೆ ನಾಲ್ಕು ಸಲ ಆ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. ಒಮ್ಮೆಯೂ ಹತ್ತಲಿಲ್ಲ. ಮುಂದೆ ಅವರು ಊರು ಬಿಟ್ಟರೆಂದು ತಿಳಿಯಿತು. ಎಲ್ಲಿಗೆ ಹೋದರೆಂದು ವಿಚಾರಿಸಲಿಲ್ಲ. ಮುದುಕಿ ಇನ್ನೂ ಬಹಳ ವರ್ಷ ಬದುಕಿದ್ದಳು. ಸಾಯುವವರೆಗೆ ಅವಳಿಗೆ ಯಾರೂ ನಿಜ ಹೇಳಲಿಲ್ಲ. ಆ ಕೂಸು ಉಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಉಳಿದಿದ್ದರೆ ಅವಳಿಗೆ ಈಗ ಐವತ್ತು ದಾಟಿರಬೇಕು. ನಿನ್ನ ಅಪ್ಪ ಅವತ್ತು ಸರಿಯಾಗಿಯೇ ಹೇಳಿದ್ದ, ನಾನು ಕೇಳಿಸಿಕೊಂಡಿದ್ದೆ ಎಂದು ಅವಳಿಗೆ ಹೇಳಬೇಕಾಗಿದೆ.